ಹನ್ನೋ: ಪರರ ಲೇಖನಿಯಲ್ಲಿ ಉಳಿದ ಹೆಸರು

ಕಾರ್ಥೇಜಿನ ಇತಿಹಾಸ ಓದಲು ಕೂತವರಿಗೆ ಹತ್ತು ಪುಟ ದಾಟುವುದರೊಳಗೆ ತಲೆನೋವು ಶುರುವಾಗುತ್ತದೆ. ಕ್ರಿ.ಪೂ. 256ರಲ್ಲಿ ಎಕ್ನೋಮಸ್ ಎದುರಿನ ಕಡಲ ಕಾಳಗದಲ್ಲಿ ಸೋತವನು ಹನ್ನೋ. ಕ್ರಿ.ಪೂ. 241ರಲ್ಲಿ ಈಗೇಟಿಸ್ ದ್ವೀಪಗಳ ಬಳಿ ಸೋತು, ಊರಿಗೆ ಮರಳಿ ಶಿಲುಬೆ ಏರಿದವನೂ ಹನ್ನೋ. ಹ್ಯಾನಿಬಲ್‌ನ ಕಟ್ಟಾ ವಿರೋಧಿ ಒಬ್ಬ ಹನ್ನೋ. ಅದೇ ಹ್ಯಾನಿಬಲ್‌ಗಾಗಿ ಕ್ಯಾನೆಯ ಯುದ್ಧದಲ್ಲಿ ಬಲಭಾಗದ ದಂಡು ನಡೆಸಿದವನು ಇನ್ನೊಬ್ಬ ಹನ್ನೋ. 'ಮಹಾ ಹನ್ನೋ' ಎಂದು ಬಿರುದು ಹೊತ್ತವರೇ ಒಬ್ಬರಿಗಿಂತ ಹೆಚ್ಚು. ಅವರಲ್ಲಿ ಹಿಂದಿನವನು ಮಗಳ ಮದುವೆಯೂಟದಲ್ಲಿ ಇಡೀ ಹಿರಿಯರ ಸಭೆಗೆ ವಿಷವಿಕ್ಕಲು ಹೊರಟು ಸಿಕ್ಕಿಬಿದ್ದನಂತೆ. ಹಾಗಂತ ಲ್ಯಾಟಿನ್ ಲೇಖಕ ಜಸ್ಟಿನ್ ಬರೆದಿದ್ದಾನೆ.

ಹೆಸರು ಚಿಕ್ಕದು. ಪ್ಯೂನಿಕ್ ಲಿಪಿಯಲ್ಲಿ ಮೂರೇ ಅಕ್ಷರ, ಅರ್ಥ ಕೃಪೆ. ಅದರ ಜೊತೆಗೆ ಬಾಲ್ ದೇವರ ಹೆಸರು ಸೇರಿದರೆ ಹ್ಯಾನಿಬಲ್. ಕಾರ್ಥೇಜಿನ ನೆಲದಲ್ಲಿ ಅಗೆದಾಗ ಸಿಕ್ಕ ಹರಕೆಯ ಕಲ್ಲುಗಳು ಸಾವಿರಾರು. ಎಲ್ಲದರ ಒಕ್ಕಣೆಯೂ ಹೆಚ್ಚುಕಡಿಮೆ ಒಂದೇ: ತಾನಿತ್ ದೇವಿಗೂ ಬಾಲ್ ಹಮ್ಮೋನನಿಗೂ ಇಂಥವನು, ಇಂಥವನ ಮಗ, ಹರಕೆ ಒಪ್ಪಿಸಿದ್ದಾನೆ, ದೇವರು ಅವನ ಮೊರೆ ಕೇಳಿದ. ಆ ಕಲ್ಲುಗಳಲ್ಲಿ ಹನ್ನೋಗಳಿಗೆ ಬರವಿಲ್ಲ. ತಂದೆ ಹನ್ನೋ, ಮಗ ಹನ್ನೋ, ಅಜ್ಜನೂ ಹನ್ನೋ ಇರಬಹುದು. ಆದರೆ ಆತ ಏನು ಬೇಡಿಕೊಂಡ, ಯಾವ ಕಷ್ಟದಲ್ಲಿದ್ದ, ಕಲ್ಲು ಹೇಳುವುದಿಲ್ಲ. ಕತೆ ಬೇಕಾದರೆ ಗ್ರೀಕರನ್ನೋ ರೋಮನ್ನರನ್ನೋ ಕೇಳಬೇಕು. ಯಾಕೆಂದರೆ ಕ್ರಿ.ಪೂ. 146ರಲ್ಲಿ ರೋಮನ್ನರು ಕಾರ್ಥೇಜನ್ನು ಸುಟ್ಟಾಗ ಅಲ್ಲಿನ ಗ್ರಂಥಭಂಡಾರಗಳನ್ನು ಆಫ್ರಿಕಾದ ಪಾಳೆಯಗಾರ ದೊರೆಗಳಿಗೆ ಹಂಚಿಬಿಟ್ಟರು. ಮಾಗೋ ಎಂಬವನು ಬರೆದ ಬೇಸಾಯದ 28 ಸಂಪುಟಗಳನ್ನು ಮಾತ್ರ ಲ್ಯಾಟಿನ್ನಿಗೆ ತರಲು ಸೆನೆಟ್ಟು ಅಪ್ಪಣೆ ಕೊಟ್ಟಿತು. ದ್ರಾಕ್ಷಿ, ಆಲಿವ್, ದನಕರುಗಳ ತಿಳಿವಳಿಕೆ ರೋಮಿಗೆ ಬೇಕಿತ್ತು; ಕಾರ್ಥೇಜಿನವರ ಚರಿತ್ರೆ ಬೇಕಿರಲಿಲ್ಲ.

ಹೀಗಾಗಿ ಹನ್ನೋಗಳೆಲ್ಲ ನಮಗೆ ಸಿಗುವುದು ಪರರ ಬರಹದಲ್ಲಿ. ಆ ಬರಹಗಳಲ್ಲಿ ಯಾವುದು ಈ ಹೆಸರಿನ ಮನುಷ್ಯನಿಗೆ ನ್ಯಾಯ ಒದಗಿಸಿತು ಎಂದು ತೂಗಿ ನೋಡಿದರೆ ಫಲಿತಾಂಶ ವಿಚಿತ್ರ. ಗಂಭೀರ ಚರಿತ್ರಕಾರ ಸೋಲುತ್ತಾನೆ, ಮಹಾ ಕಾದಂಬರಿಕಾರ ಇನ್ನೂ ಹೀನಾಯವಾಗಿ ಸೋಲುತ್ತಾನೆ, ಸಂತೆಯ ಜನರನ್ನು ನಗಿಸಲು ಬರೆದ ಪ್ರಹಸನಕಾರ ಗೆಲ್ಲುತ್ತಾನೆ.

ಹನ್ನೋ ಸ್ವತಃ ಮಾತಾಡುವ ಬರಹ ಒಂದಿದೆ. ಅದೂ ಗ್ರೀಕ್ ಅನುವಾದದಲ್ಲಿ ಉಳಿದದ್ದು. 'ಹನ್ನೋನ ಪೆರಿಪ್ಲಸ್' ಎಂದು ಹೆಸರಾದ ಈ ಕಡಲಯಾನದ ವರದಿ ನಾಲ್ಕೈದು ಪುಟಕ್ಕಿಂತ ದೊಡ್ಡದಲ್ಲ. ಹೈಡೆಲ್‌ಬರ್ಗಿನ ಒಂದು ಹಸ್ತಪ್ರತಿಯ ದಯೆಯಿಂದ ನಮ್ಮವರೆಗೆ ಬಂದಿದೆ. ಕ್ರಿ.ಪೂ. 5ನೆಯ ಶತಮಾನದ ಆಸುಪಾಸಿನ ಯಾನ ಎಂಬುದು ಸಾಮಾನ್ಯ ಎಣಿಕೆ. ಹನ್ನೋ ದೇವಸ್ಥಾನದಲ್ಲಿ ಇರಿಸಿದ ಬರಹ ಇದು ಎಂದು ತಲೆಬರಹವೇ ಹೇಳಿಕೊಳ್ಳುತ್ತದೆ. ಐವತ್ತು ಹುಟ್ಟುಗಳ 60 ಹಡಗು, ಗಂಡಸರು ಹೆಂಗಸರು ಸೇರಿ 30,000 ಜನ, ಜಿಬ್ರಾಲ್ಟರ್ ದಾಟಿ ಆಫ್ರಿಕಾದ ಪಡುವಣ ಕರಾವಳಿಯಲ್ಲಿ ಊರು ಕಟ್ಟಲು ಹೊರಟರು. ಭಾಗಿಸಿ ನೋಡಿ: ಹಡಗಿಗೆ 500 ಜನ. ಅಷ್ಟು ಜನ ಹತ್ತಿದರೆ ಅಂಥ ಹಡಗು ಬಂದರಿನಲ್ಲೇ ಮುಳುಗುತ್ತದೆ. ನಕಲು ಮಾಡಿದವರು ಎಲ್ಲೋ ಅಂಕಿ ತಪ್ಪಿಸಿದ್ದಾರೆ, ಇಲ್ಲವೇ ಹನ್ನೋನೇ ಊರಿಗೆ ಬಂದು ಕೊಚ್ಚಿಕೊಂಡಿದ್ದಾನೆ.

ಮೊದಲ ಭಾಗ ಶಾನುಭೋಗರ ಕಡತದಂತೆ ಒಣಗಿದೆ: ಇಷ್ಟು ದಿನ ಸಾಗಿದೆವು, ಇಲ್ಲೊಂದು ಊರು ಕಟ್ಟಿದೆವು, ಅಲ್ಲೊಂದು ಗುಡಿ ಕಟ್ಟಿದೆವು. ಲಿಕ್ಸೋಸ್ ಹೊಳೆಯ ಬಳಿ ದನಕುರಿ ಮೇಯಿಸುವವರ ಸ್ನೇಹ ಮಾಡಿ ದುಭಾಷಿಗಳನ್ನು ಜೊತೆಗೆ ಕರೆದುಕೊಳ್ಳುತ್ತಾರೆ. ಆಮೇಲೆ ಬರಹದ ಉಸಿರೇ ಬದಲಾಗುತ್ತದೆ. ಒಂದು ದ್ವೀಪದಲ್ಲಿ ಹಗಲು ನೋಡಿದರೆ ಬರೀ ಕಾಡು. ರಾತ್ರಿಯಾದರೆ ಎಲ್ಲೆಲ್ಲೂ ಬೆಂಕಿ, ಕೊಳಲು, ತಾಳ, ತಮಟೆ, ಬೊಬ್ಬೆ. ನಾವಿಕರು ಹೆದರುತ್ತಾರೆ, ಶಕುನ ನೋಡುವವರು ಇಲ್ಲಿಂದ ಹೊರಡಿ ಅನ್ನುತ್ತಾರೆ. ಮುಂದೆ ಬೆಂಕಿಯ ಹೊಳೆಗಳು ಸಮುದ್ರಕ್ಕೆ ಇಳಿಯುತ್ತಿರುತ್ತವೆ. ಎಲ್ಲಕ್ಕೂ ಎತ್ತರದಲ್ಲಿ 'ದೇವರ ರಥ' ಎಂಬ ಉರಿಯುವ ಬೆಟ್ಟ. ಅದು ಕ್ಯಾಮರೂನ್ ಪರ್ವತವೇ, ಇಲ್ಲ ಅಷ್ಟು ದೂರ ಅವರು ಹೋಗಿರಲಿಲ್ಲ ಎಂದು ವಿದ್ವಾಂಸರು ಇಂದಿಗೂ ಕಿತ್ತಾಡುತ್ತಿದ್ದಾರೆ. ಈ ಎರಡು ಭಾಗ ಒಂದೇ ಕೈಯದಲ್ಲ, ಎರಡನೆಯದಕ್ಕೆ ಗ್ರೀಕರು ಬಣ್ಣ ಹಚ್ಚಿದ್ದಾರೆ ಎಂಬ ಗುಮಾನಿಯೂ ಇದೆ. ನನಗೆ ಹಾಗನಿಸುವುದಿಲ್ಲ. ಗೊತ್ತಿದ್ದ ಸೀಮೆಯಲ್ಲಿ ಲೆಕ್ಕ ಬರೆಯುವ ಮನುಷ್ಯ ಗೊತ್ತಿಲ್ಲದ ಸೀಮೆಯಲ್ಲಿ ಬೆವರುವುದು ಸಹಜವೇ.

ಕೊನೆಯ ಘಟನೆ ಎಲ್ಲರಿಗೂ ಗೊತ್ತಿರುವಂಥದ್ದು. ಮೈತುಂಬ ಕೂದಲಿನ ಕಾಡುಜನ, ಹೆಚ್ಚಿನವರು ಹೆಂಗಸರು. ದುಭಾಷಿಗಳು ಅವರನ್ನು ಗೊರಿಲ್ಲಾ ಎಂದು ಕರೆದರು. ಗಂಡಸರು ಬಂಡೆ ಹತ್ತಿ ಕಲ್ಲು ಬೀರಿ ತಪ್ಪಿಸಿಕೊಂಡರು. ಹಿಡಿದ ಮೂವರು ಹೆಂಗಸರು ಕಚ್ಚಿದರು, ಪರಚಿದರು. ಕೊಂದು, ಚರ್ಮ ಸುಲಿದು, ಕಾರ್ಥೇಜಿಗೆ ತಂದರು. ಹೇಳುವಾಗ ಹನ್ನೋಗೆ ಹೆಮ್ಮೆಯೂ ಇಲ್ಲ, ನಾಚಿಕೆಯೂ ಇಲ್ಲ. ಅದರ ಬೆನ್ನಿಗೇ, ದಿನಸಿ ಮುಗಿದದ್ದರಿಂದ ಮುಂದೆ ಹೋಗಲಿಲ್ಲ ಎಂದು ವರದಿ ನಿಂತುಬಿಡುತ್ತದೆ. ಹಳೆಯ ಪ್ರವಾಸಕಥನಗಳಲ್ಲಿ ಇಷ್ಟು ಪ್ರಾಮಾಣಿಕವಾದ ಮುಕ್ತಾಯ ಅಪರೂಪ. 1847ರಲ್ಲಿ ಸ್ಯಾವೇಜ್ ಎಂಬ ಅಮೆರಿಕದ ಮಿಷನರಿ ಮತ್ತು ವೈಮನ್ ಎಂಬ ಅಂಗರಚನಾ ಶಾಸ್ತ್ರಜ್ಞ ಆಫ್ರಿಕಾದ ದೊಡ್ಡ ವಾನರಕ್ಕೆ ಹೆಸರಿಡುವಾಗ ಈ ಪದವನ್ನೇ ಎತ್ತಿಕೊಂಡರು. ಇಡೀ ಯಾನದಲ್ಲಿ ಲೋಕದ ಬಾಯಲ್ಲಿ ಉಳಿದದ್ದು ಅದೊಂದೇ ಮಾತು. ಅದೂ ಹೆಸರಿಲ್ಲದ ದುಭಾಷಿಯದು.

ಓದುಗರಾಗಿ ರೋಮನ್ನರು ಹನ್ನೋನನ್ನು ಹೇಗೆ ಕಂಡರು ಎನ್ನಲು ಪ್ಲಿನಿ ಒಬ್ಬನೇ ಸಾಕು. ಒಂದು ಕಡೆ, ಹನ್ನೋ ಆಫ್ರಿಕಾ ಸುತ್ತಿ ಅರೇಬಿಯಾದ ಅಂಚಿನವರೆಗೆ ಹೋದ ಎಂದು, ಹನ್ನೋನೇ ಹೇಳದ ಸಾಹಸವನ್ನು ಅವನ ತಲೆಗೆ ಕಟ್ಟುತ್ತಾನೆ. ಇನ್ನೊಂದು ಕಡೆ, ಇವನನ್ನು ನಂಬಿದವರೆಲ್ಲ ಇಲ್ಲದ ಊರುಗಳ ಕಟ್ಟುಕತೆ ಬರೆದರು ಎಂದು ರೇಗುತ್ತಾನೆ. ಸಿಂಹವನ್ನು ಕೈಯಲ್ಲಿ ಪಳಗಿಸಿದ ಮೊದಲಿಗ ಒಬ್ಬ ಹನ್ನೋ, ಇಂಥ ಮೃಗವನ್ನೇ ಒಲಿಸಿದವನು ಜನರನ್ನು ಏನು ಬೇಕಾದರೂ ನಂಬಿಸಿಯಾನು ಎಂದು ಊರವರು ಅವನಿಗೆ ಶಿಕ್ಷೆ ವಿಧಿಸಿದರು ಎಂಬ ಕತೆಯೂ ಇವನದೇ. ಹನ್ನೋ ದೇವರೆಂದು ಹೇಳಲು ಹಕ್ಕಿಗಳಿಗೆ ಕಲಿಸಿ ಹಾರಿಬಿಟ್ಟ ಹನ್ನೋ ಇನ್ನೊಬ್ಬ. ಅದು ಈಲಿಯನ್ ಹೇಳುವ ಕತೆ. ಹೊರಗೆ ಹೋದ ಹಕ್ಕಿಗಳು ಪಾಠ ಮರೆತು ತಮ್ಮ ಹಾಡು ಹಾಡಿಕೊಂಡವಂತೆ.

ಲಿವಿಯ ವಿಷಯ ಬೇರೆ. ಅವನ ಹನ್ನೋ ಮಹಾ ಹನ್ನೋ, ಹ್ಯಾನಿಬಲ್‌ನ ಬಾರ್ಕಾ ಮನೆತನದ ವಿರೋಧಿ. ಕ್ರಿ.ಪೂ. 216ರಲ್ಲಿ ಕ್ಯಾನೆ ಗೆದ್ದ ಮೇಲೆ ಹ್ಯಾನಿಬಲ್‌ನ ತಮ್ಮ ಮಾಗೋ ಕಾರ್ಥೇಜಿಗೆ ಬಂದು, ಸತ್ತ ರೋಮನ್ ಗಣ್ಯರ ಬೆರಳುಗಳಿಂದ ಕಿತ್ತ ಚಿನ್ನದ ಉಂಗುರಗಳನ್ನು ಸಭಾಭವನದ ಬಾಗಿಲಲ್ಲಿ ಸುರಿಯುತ್ತಾನೆ. ಅಳೆದರೆ ಮೂರು ಕೊಳಗವೋ ಒಂದೇ ಕೊಳಗವೋ ಎಂದು ಲಿವಿಯೇ ಚೌಕಾಸಿ ಮಾಡುತ್ತಾನೆ. ಈಗಲಾದರೂ ಯುದ್ಧ ಒಪ್ಪುತ್ತೀಯಾ ಎಂದು ಹನ್ನೋನನ್ನು ಕೆಣಕುತ್ತಾರೆ. ಆತ ತಣ್ಣಗೆ ಎದ್ದು ವಿಚಾರಿಸುತ್ತಾನೆ. ಗೆದ್ದವರು ದುಡ್ಡು, ದವಸ, ದಂಡು ಯಾಕೆ ಕೇಳುತ್ತಿದ್ದೀರಿ? ಲ್ಯಾಟಿನ್ ಊರುಗಳಲ್ಲಿ ಒಂದಾದರೂ ನಮ್ಮ ಕಡೆ ಬಂತೆ? ರೋಮಿನ 35 ಪಂಗಡಗಳಿಂದ ಒಬ್ಬನಾದರೂ ಓಡಿಬಂದನೆ? ಸಂಧಿಗೆ ಯಾರನ್ನಾದರೂ ಕಳಿಸಿದರೆ? ಪ್ರತಿ ಪ್ರಶ್ನೆಗೂ ಇಲ್ಲವೆಂಬುದೇ ಉತ್ತರ.

ದೃಶ್ಯ ಅದ್ಭುತವಾಗಿದೆ, ವಾದವೂ ಸರಿಯಾಗಿದೆ. ಕಸಿವಿಸಿ ಆಗುವುದು ಅಲ್ಲೇ. ಇನ್ನೂರು ವರ್ಷ ಕಳೆದ ಮೇಲೆ, ಯುದ್ಧದ ಕೊನೆ ಗೊತ್ತಿದ್ದು, ರೋಮಿನಲ್ಲಿ ಕೂತು ಬರೆದ ಭಾಷಣ ಇದು. ರೋಮ್ ತನ್ನ ಬಗ್ಗೆ ಏನು ನಂಬಿತ್ತೋ ಅದನ್ನೇ ಶತ್ರುವಿನ ಸಭೆಯಲ್ಲಿ ಶತ್ರುವಿನ ಬಾಯಿಂದ ಹೇಳಿಸಿದರೆ ಅದಕ್ಕೆ ಇನ್ನಿಲ್ಲದ ತೂಕ ಬರುತ್ತದೆ. ಲಂಕೆಯವರ ದೃಷ್ಟಿಯಿಂದ ಕತೆ ಕೇಳಲು ಹೋದಾಗ ವಿಭೀಷಣನೊಬ್ಬನನ್ನೇ ಸಾಕ್ಷಿಗೆ ಕರೆದರೆ ಹೇಗಿರುತ್ತದೋ ಹಾಗೆ. ಹನ್ನೋಗೆ ಆಫ್ರಿಕಾದೊಳಗಿನ ಜಮೀನು, ಅಲ್ಲಿನ ಕಂದಾಯ ಮುಖ್ಯವಾಗಿತ್ತು; ಬಾರ್ಕಾಗಳಿಗೆ ಸ್ಪೇನಿನ ಬೆಳ್ಳಿ ಗಣಿಗಳು ಮುಖ್ಯವಾಗಿದ್ದವು. ಹಿತಾಸಕ್ತಿಗಳ ಈ ಒರಟು ಜಗಳ ಲಿವಿಯಲ್ಲಿ ವಿವೇಕಿಗೂ ಅವಿವೇಕಿಗೂ ನಡೆದ ಸಂವಾದವಾಗಿ ತೆಳುವಾಗುತ್ತದೆ. ಹೊಗಳಿಕೆಯಲ್ಲೇ ಹನ್ನೋ ಕಾರ್ಥೇಜಿನವನಾಗಿ ಉಳಿಯುವುದಿಲ್ಲ.

ಇದಕ್ಕೆ ಎದುರಾಗಿ ಪ್ಲಾಟಸ್‌ನ 'ಪೊಯ್ನುಲುಸ್' ನಾಟಕ ನೋಡಿ. ಕ್ರಿ.ಪೂ. 201ರಲ್ಲಿ ಯುದ್ಧ ಮುಗಿದು ಬಹಳ ವರ್ಷ ಆಗಿರಲಿಲ್ಲ. ನೋಡಲು ಬಂದವರಲ್ಲಿ ಹ್ಯಾನಿಬಲ್ ಎದುರು ಕಾದಿದವರು, ಅಣ್ಣತಮ್ಮಂದಿರನ್ನು ಕಳೆದುಕೊಂಡವರು ಇದ್ದೇ ಇದ್ದಾರು. ಅವರ ಮುಂದೆ ರಂಗಕ್ಕೆ ಬರುವವನು ಉದ್ದ ಅಂಗಿಯ ಮುದುಕ ಹನ್ನೋ, ಕಳ್ಳರು ಕದ್ದೊಯ್ದು ಮಾರಿದ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಊರೂರು ಹುಡುಕುತ್ತಿರುವ ತಂದೆ. ಅವನ ಮೊದಲ ಮಾತು ಪ್ಯೂನಿಕ್ ಭಾಷೆಯಲ್ಲಿ, ಆ ಊರಿನ ದೇವರಿಗೆ ಮಾಡುವ ಪ್ರಾರ್ಥನೆ. ನಕಲು ಮಾಡಿದವರ ಕೈಯಲ್ಲಿ ಕೆಟ್ಟಿದ್ದರೂ ಅದು ನಿಜವಾದ ಪ್ಯೂನಿಕ್. ಸಾಹಿತ್ಯ ಕೃತಿಯೊಂದರಲ್ಲಿ ಆ ಭಾಷೆ ಇಷ್ಟುದ್ದ ಉಳಿದದ್ದು ಇಲ್ಲಿ ಮಾತ್ರ.

ಕನ್ನಡ ಓದುಗರಿಗೆ ಇಲ್ಲಿ ಇನ್ನೊಂದು ನಾಟಕ ನೆನಪಾಗಬೇಕು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಭಾರತದ ಕರಾವಳಿಯ ರಾಜ ಮತ್ತವನ ಪರಿವಾರ ಆಡುವ ಮಾತು ಕನ್ನಡವೇ ಎಂದು ವಿದ್ವಾಂಸ ಹುಲ್ಶ್ ಮೊದಲು ಹೇಳಿದ. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನು ಬೆಳೆಸಿದರು. ಎಲ್ಲರೂ ಒಪ್ಪಿಲ್ಲ. ಕನ್ನಡವೇ ಆಗಿದ್ದರೂ ಆ ನಾಟಕದಲ್ಲಿ ಅದು ಕುಡಿದು ತೂರಾಡುವ ಪರದೇಶಿಯ ಗಲಾಟೆ, ಗ್ರೀಕರು ತಪ್ಪಿಸಿಕೊಂಡು ಹೋಗಲು ಒಂದು ನೆಪ. ಪ್ಲಾಟಸ್ ಹಾಗೆ ಮಾಡಲಿಲ್ಲ. ಮಿಲ್ಫಿಯೋ ಎಂಬ ಆಳು ತನಗೆ ಪ್ಯೂನಿಕ್ ಬರುತ್ತದೆಂದು ಜಂಬ ಹೊಡೆದು, ಹನ್ನೋನ ಮಾತಿಗೆಲ್ಲ ಬಾಯಿಗೆ ಬಂದ ಅರ್ಥ ಹೇಳುತ್ತಾ ಹೋಗುತ್ತಾನೆ. ಜನ ನಗುತ್ತಾರೆ. ಸ್ವಲ್ಪ ಹೊತ್ತು ತಾಳಿಕೊಂಡ ಹನ್ನೋ ಸ್ವಚ್ಛ ಲ್ಯಾಟಿನ್ನಿನಲ್ಲಿ ಬಾಯಿ ತೆರೆದಾಗ ನಗೆ ಮಿಲ್ಫಿಯೋನ ಕಡೆಗೆ, ಅವನ ಜೊತೆ ನಗುತ್ತಿದ್ದ ಜನರ ಕಡೆಗೆ ತಿರುಗುತ್ತದೆ. ಇಷ್ಟು ಚುರುಕಾದ ತಿರುಗೇಟನ್ನು ರೋಮಿನ ಯಾವ ಚರಿತ್ರಕಾರನೂ ಕಾರ್ಥೇಜಿನವನ ಕೈಗೆ ಕೊಟ್ಟಿಲ್ಲ. ಪ್ಲಾಟಸ್ ಪೂರ್ತಿ ನಿರ್ಮಲ ಎಂದಲ್ಲ. ಎಲ್ಲ ಭಾಷೆ ಬಂದರೂ ಬಾರದಂತೆ ನಟಿಸುವವನು, ಅಪ್ಪಟ ಕಾರ್ಥೇಜಿನವನು ಎಂದು ಪೀಠಿಕೆಯಲ್ಲೇ ಚುಚ್ಚುತ್ತಾನೆ. ಮಕ್ಕಳನ್ನು ಹುಡುಕುವ ನೆಪದಲ್ಲಿ ಮುದುಕ ಸೂಳೆಗೇರಿಗಳಲ್ಲಿ ರಾತ್ರಿ ಕಳೆಯುತ್ತಾನೆ ಎಂದೂ ಸೇರಿಸುತ್ತಾನೆ. ಆದರೂ ಮಕ್ಕಳು ಸಿಕ್ಕ ಗಳಿಗೆಯಲ್ಲಿ ರೋಮಿನ ಜನ ಹನ್ನೋ ಎಂಬ ಹೆಸರಿನ ತಂದೆಯ ಪರ ನಿಲ್ಲಲೇಬೇಕು, ನಾಟಕದ ಕಟ್ಟೋಣವೇ ಹಾಗಿದೆ.

1514ರಲ್ಲಿ ಪೋರ್ಚುಗಲ್ ದೊರೆ ಮ್ಯಾನುಯೆಲ್ ಹತ್ತನೆಯ ಲಿಯೋ ಪೋಪರಿಗೆ ಉಡುಗೊರೆ ಕಳಿಸಿದ, ಭಾರತದಿಂದ ಹಡಗೇರಿ ಹೋದ ಬಿಳಿ ಆನೆಗೂ ರೋಮಿನಲ್ಲಿ ಹನ್ನೋ ಎಂದೇ ಹೆಸರಾಯಿತು. ಪೋಪರೆದುರು ಮೂರು ಸಲ ಮಂಡಿಯೂರಿ, ಸೊಂಡಿಲಿನಿಂದ ನೀರು ಎರಚಿದ ಆ ಪ್ರಾಣಿ ಎರಡು ವರ್ಷದಲ್ಲಿ, ಚಿನ್ನ ಬೆರೆಸಿದ ಭೇದಿ ಮದ್ದು ಕುಡಿದು ಸತ್ತಿತು. ರಾಫೇಲ್ ಅದರ ಚಿತ್ರ ಬರೆದ. ಮನುಷ್ಯ ಹನ್ನೋಗಳಲ್ಲಿ ಯಾರಿಗೂ ಅಂಥ ಮರ್ಯಾದೆ ರೋಮಿನಲ್ಲಿ ದಕ್ಕಲಿಲ್ಲ.

ಇನ್ನು ಫ್ಲಾಬೇರ್. 1862ರ 'ಸಲಾಂಬೊ' ಬರೆಯಲು ಅವನು ಟ್ಯುನಿಷಿಯಾಕ್ಕೆ ಹೋಗಿ ಬಂದ, ಹಳೆಯ ಗ್ರಂಥಗಳ ರಾಶಿ ಓದಿದ, ವಿವರದ ಬಗ್ಗೆ ತಕರಾರು ತೆಗೆದ ವಿಮರ್ಶಕ ಸಾಂತ್ ಬವ್‌ಗೆ ಆಧಾರ ಸಹಿತ ಉತ್ತರಿಸಿದ. ಕಾದಂಬರಿಯ ಬೆನ್ನೆಲುಬು ಗ್ರೀಕ್ ಚರಿತ್ರಕಾರ ಪಾಲಿಬಿಯಸ್ ಹೇಳಿದ ಕೂಲಿ ಸೈನಿಕರ ದಂಗೆ, ಕ್ರಿ.ಪೂ. 241ರಿಂದ ಸುಮಾರು 237ರವರೆಗೆ ನಡೆದದ್ದು. ಅದರಲ್ಲಿ ಇದೇ ಮಹಾ ಹನ್ನೋ ಯೂಟಿಕಾ ಊರಿನ ಎದುರು ಆನೆಗಳನ್ನು ನುಗ್ಗಿಸಿ ಗೆದ್ದವನು. ಗೆದ್ದೆನೆಂದು ಊರೊಳಗೆ ಹೋಗಿ ಮೈಗೆ ಆರೈಕೆ ಮಾಡಿಕೊಳ್ಳುತ್ತಿದ್ದಾಗ ಬಂಡುಕೋರರು ತಿರುಗಿ ಬಂದು ಬಿಡಾರ ಹಿಡಿದುಕೊಂಡರು. ಮೈಯ ಆರೈಕೆ ಎಂಬ ಇಷ್ಟೇ ಎಳೆಯಿಂದ ಫ್ಲಾಬೇರ್ ಕುಷ್ಠ ಹಿಡಿದ, ಕೊಬ್ಬಿನ ಪದರಗಳಲ್ಲಿ ಕೀವು ಸೋರುವ, ಮುಲಾಮು ಹಚ್ಚಿಸಿಕೊಂಡು ಕೂತ ರಾಕ್ಷಸನನ್ನು ಹೆಣೆದ. ಹೆಣಿಗೆ ಬಲು ಸೊಗಸು. ಓದಿದವರಿಗೆ ವಾಸನೆ ಹೊಡೆಯುತ್ತದೆ. ಕೊನೆಗೆ ಬಂಡುಕೋರರ ಕೈಯಲ್ಲಿ ಶಿಲುಬೆಗೂ ಏರಿಸಿದ. ಪಾಲಿಬಿಯಸ್‌ನಲ್ಲಿ ಆ ಶಿಲುಬೆ ಏರಿದವನು ಹ್ಯಾನಿಬಲ್ ಎಂಬ ಬೇರೊಬ್ಬ ದಂಡನಾಯಕ. ಹನ್ನೋ ಬದುಕಿದ್ದ, ಹಿರಿಯರು ನಡುವೆ ಬಿದ್ದು ಅವನನ್ನೂ ಬಾರ್ಕಾ ಮನೆತನದ ಹಮಿಲ್ಕಾರ್‌ನನ್ನೂ ರಾಜಿ ಮಾಡಿಸಿದರು, ಇಬ್ಬರೂ ಸೇರಿ ದಂಗೆ ಅಡಗಿಸಿದರು.

ಕಾದಂಬರಿಕಾರನಿಗೆ ಸ್ವಾತಂತ್ರ್ಯವಿದೆ, ಸತ್ತವನನ್ನು ಬದಲಿಸಿದ್ದಕ್ಕೆ ನಾನು ಜಗಳ ತೆಗೆಯುವುದಿಲ್ಲ. ಆದರೆ ನಾಯಕ ಹಮಿಲ್ಕಾರ್ ಬೆಳಗಬೇಕೆಂದು ಎದುರಾಳಿಯ ಮೈಗೆ ರೋಗ ಹಚ್ಚುವುದು ಅಗ್ಗದ ತಂತ್ರ. ಹನ್ನೋನ ನಿಜವಾದ ಅಪರಾಧ ಪಾಲಿಬಿಯಸ್‌ನ ಒಂದು ಪುಟದಲ್ಲಿ ಇನ್ನೂ ಭೀಕರವಾಗಿದೆ. ರೋಮಿನ ಜೊತೆ ಯುದ್ಧ ನಡೆಯುತ್ತಿದ್ದಾಗ ಲಿಬಿಯಾದ ರೈತರಿಂದ ಬೆಳೆಯ ಅರ್ಧ ಭಾಗ ಕಸಿದರು, ಪಟ್ಟಣಗಳ ತೆರಿಗೆ ಎರಡು ಪಟ್ಟು ಮಾಡಿದರು; ಹೆಚ್ಚು ಹಿಂಡಿ ತಂದ ಅಧಿಕಾರಿಗೇ ಕಾರ್ಥೇಜಿನಲ್ಲಿ ಹೆಚ್ಚು ಮನ್ನಣೆ ಎನ್ನುವಾಗ ಪಾಲಿಬಿಯಸ್ ಉದಾಹರಣೆಗೆ ಎತ್ತುವ ಹೆಸರು ಹನ್ನೋನದೇ. ತೆರಿಗೆ ಬಾಕಿಗಾಗಿ ಗಂಡನನ್ನೋ ತಂದೆಯನ್ನೋ ಎಳೆದೊಯ್ದದ್ದನ್ನು ಕಂಡಿದ್ದ ಹೆಂಗಸರು ದಂಗೆಯ ಖರ್ಚಿಗೆ ಮೈಮೇಲಿನ ಒಡವೆ ಬಿಚ್ಚಿಕೊಟ್ಟರು. ಈ ಲೆಕ್ಕಕ್ಕೆ ಉತ್ತರ ಹೇಳಬೇಕಾದ ಆರೋಗ್ಯವಂತ, ದಕ್ಷ, ಮಿತಭಾಷಿ ಹನ್ನೋ ಕಾದಂಬರಿಗೆ ಸಿಕ್ಕಿದ್ದರೆ 'ಸಲಾಂಬೊ' ಇಷ್ಟು ವೈಭವದ್ದಾಗಿರುತ್ತಿರಲಿಲ್ಲ, ಇದಕ್ಕಿಂತ ದೊಡ್ಡ ಕೃತಿಯಾಗಿರುತ್ತಿತ್ತು.