ಅರಸ, ಅಗಸ, ಅದಿರು: ಒಂದನೇ ತರಗತಿಯ ಪಠ್ಯವನ್ನು ಓದುವುದು

ಹೊಸಪೇಟೆಯಿಂದ ಬಳ್ಳಾರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಪಾಪಿನಾಯಕನಹಳ್ಳಿ ದಾಟಿದರೆ ಗಾದಿಗನೂರು. ಈ ರಸ್ತೆಯ ಬದಿಯ ಗಿಡಗಳ ಎಲೆ ವರ್ಷದ ಬಹುಪಾಲು ಕೆಂಪಗಿರುತ್ತದೆ, ಸಂಡೂರಿನ ಗುಡ್ಡದ ಮಣ್ಣು ಲಾರಿಗಳ ಬೆನ್ನೇರಿ ಬಂದು ಕೂತದ್ದು. ಗಾದಿಗನೂರಿನ ಕಡೆಯ ಒಂದು ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಯಲ್ಲಿ ನಾನು ಕಳೆದ ವರ್ಷ ಕೆಲವು ದಿನ ಕೂತಿದ್ದೆ. ಗೋಡೆಯ ಕೆಳಭಾಗಕ್ಕೆ ಮಕ್ಕಳ ಎತ್ತರಕ್ಕೆ ಕಪ್ಪು ಬಣ್ಣ ಬಳಿದು ಮಾಡಿದ ಹಲಗೆ, ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಚಪ್ಪರಕ್ಕೆ ನೇತುಹಾಕಿದ ಕಾಗದಗಳು. ಒಬ್ಬ ಹುಡುಗ ತನ್ನ ಪಾಲಿನ ಗೋಡೆಯ ಮೇಲೆ 'ಅದಿರು' ಎಂದು ಬರೆದಿದ್ದ. ಕಾರ್ಡಿನಲ್ಲಿ ಆ ಪದ ಇರಲಿಲ್ಲ. ಎಲ್ಲಿ ನೋಡಿದೆ ಎಂದು ಕೇಳಿದ್ದಕ್ಕೆ, 'ಲಾರ್ಯಾಗ ಇರ್ತೈತಲ್ಲ' ಅಂದ.

ಕಾರ್ಡಿನಲ್ಲಿ ಇದ್ದ ಪದಗಳು ಬೇರೆ. ಕರ್ನಾಟಕದ ಸರ್ಕಾರಿ ಶಾಲೆಯಲ್ಲಿ ಇತ್ತೀಚೆಗೆ ಓದಿದವರಿಗೆ, ಅಥವಾ ಅವರ ತಮ್ಮ ತಂಗಿಯರಿಗೆ, 'ರ ಗ ಸ ದ ಅ' ಗೊತ್ತಿರುತ್ತದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಮೊದಮೊದಲು ಶಿಕ್ಷಕರೇ ಕೂತು ಕಟ್ಟಿದ ಪದ್ಧತಿ. ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳಿಗೆ ಹೋಗಿ ನೋಡಿ ಬಂದ ಮೇಷ್ಟ್ರುಗಳು, ಯುನಿಸೆಫ್ ನೆರವಿನಲ್ಲಿ, ಪಾಠವನ್ನು ಕಾರ್ಡುಗಳಾಗಿ ಒಡೆದರು. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಲಿ, ತಪ್ಪಿಸಿಕೊಂಡ ದಿನಗಳಿಗಾಗಿ ಪೆಟ್ಟು ತಿನ್ನದಿರಲಿ, ಬಿಟ್ಟಲ್ಲಿಂದ ಮತ್ತೆ ಹಿಡಿಯಲಿ ಎಂಬುದು ಅದರ ಹಿಂದಿನ ಕಾಳಜಿ. 2009-10ರಿಂದ ಅದು ಇಡೀ ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ಬಂತು. ಅಕ್ಷರಮಾಲೆಯ 'ಅ ಆ ಇ ಈ' ಸಾಲನ್ನು ಅದು ಮುರಿಯಿತು. ಕೈಗೆ ಸುಲಭವಾಗಿ ತಿರುಗುವ, ಒಂದಕ್ಕೊಂದು ಹೋಲುವ, ಕೂಡಿಸಿದರೆ ಪದವಾಗುವ ಅಕ್ಷರಗಳನ್ನು ಮೊದಲು ಕೊಟ್ಟಿತು.

ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಈ ಐದು ಅಕ್ಷರಗಳನ್ನು ಒಂದು ಪಠ್ಯದಂತೆ ಓದಬೇಕು ಅನ್ನಿಸಿತು. ಇವುಗಳಿಂದ ಏನೇನು ಹೇಳಬಹುದು? ಸರ, ದರ, ರಸ, ಅರಸ, ಅಗಸ, ಗರಗಸ, ದಸರ. ಮೊದಲ ವಾರಗಳಲ್ಲೇ ಮಗು ಪೂರ್ತಿ ಪದ ಓದುತ್ತದೆ, ಇದು ಸಣ್ಣ ಗೆಲುವಲ್ಲ. ಆದರೆ ಆ ಲೋಕದಲ್ಲಿ ಅರಸ ಇದ್ದಾನೆ, ಅಗಸ ಇದ್ದಾನೆ, ಅವ್ವ ಇಲ್ಲ. 'ಅವ್ವ' ಬರಬೇಕೆಂದರೆ ಒತ್ತಕ್ಷರ ಬರಬೇಕು, ಒತ್ತಕ್ಷರಕ್ಕೆ ಬಹಳ ಮೆಟ್ಟಿಲು ಹತ್ತಬೇಕು. 'ಅಪ್ಪ', 'ಅಕ್ಕ', 'ಅಣ್ಣ', 'ಅಜ್ಜಿ', 'ರೊಟ್ಟಿ', ಎಲ್ಲವೂ ಒತ್ತಕ್ಷರಗಳೇ. ಕನ್ನಡದಲ್ಲಿ ಮಗುವಿಗೆ ತೀರಾ ಹತ್ತಿರದ ಪದಗಳು ಬರವಣಿಗೆಯಲ್ಲಿ ತೀರಾ ದೂರ. ಸಂಡೂರು ಸೀಮೆಯ ತಾಂಡಾಗಳಿಂದ ಬರುವ ಲಂಬಾಣಿ ಮಗು ಅವ್ವನಿಗೆ 'ಯಾಡಿ' ಅನ್ನುತ್ತದೆ. ಆ ಪದಕ್ಕೆ ಒತ್ತಕ್ಷರವೇ ಬೇಡ, 'ಅವ್ವ'ನಿಗಿಂತ ಬೇಗ ಬರೆಯಬಹುದು. ಆದರೆ ಅದು ಯಾವ ಕಾರ್ಡಿನಲ್ಲೂ ನನಗೆ ಸಿಗಲಿಲ್ಲ. 'ಅದಿರು' ಪದದ ಮೂರು ಮೂಲಾಕ್ಷರಗಳೂ ಮೊದಲ ಐದರಲ್ಲೇ ಇವೆ, ಎರಡು ಗುಣಿತ ಸೇರಿಸಿದರೆ ಸಾಕು. ಹುಡುಗ ಅದನ್ನು ತಾನೇ ಸೇರಿಸಿಕೊಂಡಿದ್ದ.

ಇದನ್ನು ನಲಿ-ಕಲಿಯ ಮೇಲಿನ ದೂರಾಗಿ ಹೇಳುತ್ತಿಲ್ಲ. ಯಾವ ಅಕ್ಷರಕ್ರಮ ಹಿಡಿದರೂ ಕೆಲವು ಪದಗಳು ಒಳಗೆ ಬರುತ್ತವೆ, ಕೆಲವು ಬಾಗಿಲಾಚೆ ಉಳಿಯುತ್ತವೆ. 'ಅ ಅರಸ, ಆ ಆನೆ' ಎಂದು ಕಲಿತ ಹಳೆಯ ತಲೆಮಾರಿಗೂ ಅವ್ವ ತಡವಾಗಿಯೇ ಸಿಕ್ಕಳು. ಪ್ರಶ್ನೆ ಇಷ್ಟೆ: ಕಾರ್ಡು ಬಿಟ್ಟದ್ದನ್ನು ಕೋಣೆಯೊಳಗೆ ತರುವವರು ಯಾರು? ಉತ್ತರ ನಮ್ಮ ಸಾಹಿತ್ಯ ಚರಿತ್ರೆಯಲ್ಲೇ ಇದೆ, ನಾವು ಅದನ್ನು ಹಾಗೆ ಓದಿಲ್ಲ ಅಷ್ಟೆ. ಹೊಸಗನ್ನಡದ ಶಿಶುಸಾಹಿತ್ಯವನ್ನು ಬಹುಮಟ್ಟಿಗೆ ಕಟ್ಟಿದವರು ಮೇಷ್ಟ್ರುಗಳು. ಪಂಜೆ ಮಂಗೇಶರಾಯರು ಅಧ್ಯಾಪಕರಾಗಿದ್ದು, ಮುಂದೆ ಶಾಲಾ ಇನ್‌ಸ್ಪೆಕ್ಟರ್ ಆಗಿ ಊರೂರು ತಿರುಗಿದವರು, ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದವರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದದ್ದು ಇದೆಲ್ಲದರ ನಂತರ. ಜಿ.ಪಿ. ರಾಜರತ್ನಂ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ ಕೈಯಲ್ಲಿದ್ದ ಪದ್ಯಗಳು ಸಾಲದೆ ಹೋಗಿ ತಾವೇ ಬರೆಯತೊಡಗಿದರು, 'ತುತ್ತೂರಿ' ಹಾಗೆ ಹುಟ್ಟಿತು. ಇವರನ್ನು ನಾವು ಕವಿಗಳೆಂದು ಓದುತ್ತೇವೆ. ತರಗತಿಯ ಕೊರತೆಗೆ ತಕ್ಷಣ ಉತ್ತರ ಹುಡುಕಿದ ಶಿಕ್ಷಕರೆಂದು ಓದುವುದು ಕಡಿಮೆ.

ನಾನು ಕೂತಿದ್ದ ಕೋಣೆಯ ಟೀಚರ್ ಕವಯಿತ್ರಿ ಅಲ್ಲ. ಅವರ ಬಳಿ ಇದ್ದದ್ದು ಒಂದು ಬಿಸ್ಕೆಟ್ ಡಬ್ಬಿ ಮತ್ತು ಮಗುವಿಗೊಂದು ನೋಟ್‌ಬುಕ್ಕು. ಡಬ್ಬಿಯಲ್ಲಿ ಹಳೆಯ ಲಗ್ನಪತ್ರಿಕೆಗಳ ಹಿಂಬದಿಯನ್ನು ಕತ್ತರಿಸಿ ಮಾಡಿದ ಚೀಟಿಗಳು. ದಿನಕ್ಕೆ ನಾಲ್ಕೈದು ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, 'ನಿನಗ ಇವತ್ತು ಯಾವ ಮಾತು ಬೇಕು?' ಎಂದು ಕೇಳುತ್ತಾರೆ. ಮಗು ಹೇಳಿದ ಪದವನ್ನು, ಅದರಲ್ಲಿ ಒತ್ತಕ್ಷರ ಇರಲಿ ಬಿಡಲಿ, ಚೀಟಿಯ ಮೇಲೆ ದಪ್ಪಗೆ ಬರೆದು ಕೈಗೆ ಕೊಡುತ್ತಾರೆ. ಮರುದಿನ ಅದನ್ನು ಗುರುತಿಸಿದರೆ ಚೀಟಿ ಮಗುವಿನದು. ಆ ಡಬ್ಬಿಯಲ್ಲಿ ನಾನು ಕಂಡ ಪದಗಳು: ಅವ್ವ, ಟಿಪ್ಪರ್, ಕುರಿಮರಿ, ಮುಟ್ಟಬ್ಯಾಡ, ಜಾತ್ರಿ, ಕರೆಂಟು.

ಇದೇ ರೀತಿಯ ಕೆಲಸವನ್ನು ನ್ಯೂಜಿಲೆಂಡಿನ ಸಿಲ್ವಿಯಾ ಆ್ಯಶ್ಟನ್-ವಾರ್ನರ್ ಮಾವೊರಿ ಮಕ್ಕಳ ನಡುವೆ ಮಾಡಿದ್ದರು. 1963ರಲ್ಲಿ ಬಂದ ಅವರ 'ಟೀಚರ್' ಪುಸ್ತಕದಲ್ಲಿ ಅದರ ವಿವರ ಇದೆ. ಮಗುವಿನ ಭಯ, ಪ್ರೀತಿಗಳಿಗೆ ಅಂಟಿಕೊಂಡ ಪದವನ್ನು ಅದು ಒಮ್ಮೆ ನೋಡಿದರೆ ಮರೆಯದು, ಮರುದಿನ ಮರೆತ ಪದ ಅದಕ್ಕೆ ಬೇಕಾದದ್ದಲ್ಲ ಎಂದು ಅವರು ಆ ಚೀಟಿಯನ್ನು ತೆಗೆದುಬಿಡುತ್ತಿದ್ದರು. ನಮ್ಮ ಟೀಚರ್ ಆ ಪುಸ್ತಕ ಓದಿಲ್ಲ. ಒಬ್ಬ ಹುಡುಗಿ ತಿಂಗಳುಗಟ್ಟಲೆ 'ಗರಗಸ' ಓದದೆ ಕೂತವಳು ಒಂದು ದಿನ ತನ್ನ ಊರಿನ ಹೆಸರನ್ನು ಬಸ್ಸಿನ ಬೋರ್ಡಿನಲ್ಲಿ ಓದಿದ್ದನ್ನು ಕಂಡು ಇದು ಶುರುವಾಯಿತಂತೆ.

ಚೀಟಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ನೋಟ್‌ಬುಕ್ಕು. ಅದರ ಎಡಪುಟ ಮಗು ಹೇಳಿದ್ದಕ್ಕೆ: ಮಗು ಹೇಳುತ್ತದೆ, ಟೀಚರ್ ಹಾಗೆಯೇ ಬರೆಯುತ್ತಾರೆ, ಸ್ವಲ್ಪ ದೊಡ್ಡ ಮಕ್ಕಳು ತಾವೇ ಬರೆಯುತ್ತಾರೆ. ಬಲಪುಟ 'ಪುಸ್ತಕದ ಮಾತಿಗೆ': ಅದನ್ನೇ ಇಬ್ಬರೂ ಕೂತು ಶಿಷ್ಟ ಕನ್ನಡಕ್ಕೆ ತರುತ್ತಾರೆ. ಮೂರನೇ ತರಗತಿಯ ಹುಡುಗಿಯೊಬ್ಬಳ ಎಡಪುಟದಲ್ಲಿ ಹೀಗಿತ್ತು: 'ನಮ್ಮಪ್ಪ ಲಾರಿ ಹೊಡಿತಾನ. ರಾತ್ರಿ ಬರ್ತಾನ. ಅಂಗಿ ಕೆಂಪಗ ಆಗಿರ್ತೈತಿ. ಅವ್ವ ಎಷ್ಟು ತೊಳದ್ರೂ ಹೋಗಂಗಿಲ್ಲ.' ಬಲಪುಟದಲ್ಲಿ: 'ನಮ್ಮ ತಂದೆ ಲಾರಿ ಚಾಲಕರು. ಅವರು ರಾತ್ರಿ ಮನೆಗೆ ಬರುತ್ತಾರೆ. ಅವರ ಅಂಗಿ ಕೆಂಪಾಗಿರುತ್ತದೆ.'

ನಾಲ್ಕು ವಾಕ್ಯ ಮೂರಾಗಿತ್ತು. ಬಿದ್ದುಹೋದ ವಾಕ್ಯ ಅವ್ವನದು. ಹುಡುಗಿಯನ್ನು ಕೇಳಿದೆ. 'ಅದು ಪುಸ್ತಕದಾಗ ಹೆಂಗ ಬರೀಬೇಕು ಗೊತ್ತಾಗ್ಲಿಲ್ರಿ' ಅಂದಳು.

ಈ ಎರಡು ಪುಟಗಳನ್ನು ಯಾವುದೇ ಪಠ್ಯದ ಎರಡು ಆವೃತ್ತಿಗಳಂತೆ ಓದಿ ನೋಡಿ. ಎಡಪುಟದಲ್ಲಿ ಒಂದು ಕತೆ ಇದೆ. ಗಣಿಯ ಧೂಳು ಅಪ್ಪನ ಮೈಮೇಲೆ ಮನೆಗೆ ಬರುತ್ತದೆ, ಅವ್ವನ ಕೈಯಲ್ಲಿ ಸೋಲುವುದಿಲ್ಲ. ಬಲಪುಟದಲ್ಲಿ ಉಳಿದದ್ದು ಮಾಹಿತಿ. ಅಂಗಿ ಏಕೆ ಕೆಂಪು, ಆಮೇಲೆ ಏನಾಯಿತು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಭಾಷೆ ತಿದ್ದುಪಡಿಯಾಗುವಾಗ ಒಬ್ಬ ಹೆಂಗಸಿನ ದಿನನಿತ್ಯದ ದುಡಿಮೆ ಅಳಿಸಿಹೋಯಿತು. ಯಾರೂ ಬೇಕೆಂದು ಅಳಿಸಲಿಲ್ಲ, ಕೆಂಪು ಶಾಯಿಯೂ ಬೀಳಲಿಲ್ಲ. ಹುಡುಗಿ ತಾನೇ ಬಿಟ್ಟಳು.

ಇಲ್ಲಿ ಸಾಹಿತ್ಯಲೋಕದವರಾದ ನಮ್ಮ ಇಬ್ಬಂದಿಯನ್ನೂ ಒಪ್ಪಿಕೊಳ್ಳಬೇಕು. ದೇವನೂರ ಮಹಾದೇವರ 'ಕುಸುಮಬಾಲೆ' 1984ರಲ್ಲಿ ನಂಜನಗೂಡು ಸೀಮೆಯ ಮಾತಿನಲ್ಲಿ ಬಂತು, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ನಮ್ಮದೇ ಕೊಟ್ಟೂರಿನ ಕುಂವೀ ಆಂಧ್ರದ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದುಕೊಂಡೇ ಈ ಭಾಗದ ಮಾತನ್ನು ಗದ್ಯಕ್ಕೆ ತಂದವರು, 'ಅರಮನೆ'ಗೆ 2007ರಲ್ಲಿ ಅದೇ ಪ್ರಶಸ್ತಿ ಬಂತು. ಎಂ.ಎ. ತರಗತಿಯಲ್ಲಿ ನಾವು ಈ ಕಾದಂಬರಿಗಳ ಪ್ರಾದೇಶಿಕ ಭಾಷೆಯ ಚೈತನ್ಯದ ಬಗ್ಗೆ ಹತ್ತು ಅಂಕದ ಉತ್ತರ ಬರೆಯುತ್ತೇವೆ, ಅದೂ ಶಿಷ್ಟ ಕನ್ನಡದಲ್ಲಿ. ಅದೇ ಮಾತು ಮೂರನೇ ತರಗತಿಯ ನೋಟ್‌ಬುಕ್ಕಿನಲ್ಲಿ ಬಂದರೆ ತಪ್ಪು. ಪ್ರೌಢರ ಬರವಣಿಗೆಯಲ್ಲಿ ಪ್ರಯೋಗವಾಗುವುದು ಮಗುವಿನ ಬರವಣಿಗೆಯಲ್ಲಿ ದೋಷವಾಗುವುದು ಯಾವ ನ್ಯಾಯ ಎಂದು ನಾನು ಟೀಚರ್ ಮುಂದೆ ಸ್ವಲ್ಪ ಜೋರಾಗಿಯೇ ಕೇಳಿದೆ.

ಅವರು ಕೊಟ್ಟ ಉತ್ತರವನ್ನು ನಾನು ಇನ್ನೂ ದಾಟಿಲ್ಲ. 'ನೀವು ಹೇಳೋದು ಖರೆ ಐತ್ರಿ ಸರ್. ಆದ್ರ ನಾ ತಿದ್ದದಿದ್ರ, ಮುಂದ ಐದನೇತ್ತಾದಾಗ, ಆರನೇತ್ತಾದಾಗ ಎಲ್ಲರ ಮುಂದ ಯಾರರ ನಗ್ತಾರ. ಆವಾಗ ಈ ಹುಡುಗಿ ಬಾಯೇ ಬಿಡಂಗಿಲ್ಲ. ನೀವು ಈ ಮಾತು ಬಿಟ್ಟು ಆ ಮಾತು ಕಲ್ತಿದ್ದಕ್ಕ ಅಲ್ಲೇನ್ರಿ ಇಲ್ಲಿ ಬಂದು ಕೇಳಾಕತ್ತಿದ್ದು?'

ಮನೆಮಾತಿನ ಸೊಗಸನ್ನು ಹೊಗಳುವವರು ಸಾಮಾನ್ಯವಾಗಿ ಶಿಷ್ಟ ಭಾಷೆಯನ್ನು ಗಳಿಸಿಕೊಂಡು ಗಟ್ಟಿಯಾಗಿ ಕೂತವರು. ಲಾರಿ ಚಾಲಕನ ಮಗಳಿಗೆ ಬಲಪುಟ ಬೇಡ ಎನ್ನುವ ಹಕ್ಕು ನನಗಿಲ್ಲ. ಅರ್ಜಿ, ಪರೀಕ್ಷೆ, ನೌಕರಿ, ಎಲ್ಲ ಬಲಪುಟದ ಭಾಷೆಯಲ್ಲೇ ಇವೆ. ಜೊತೆಗೆ ಟೀಚರ್ ಮೇಲೆ ಲೆಕ್ಕದ ಒತ್ತಡವೂ ಇದೆ. 2021ರಲ್ಲಿ ಬಂದ 'ನಿಪುಣ್ ಭಾರತ್' ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕೆಂಬ ಗುರಿ ಇಟ್ಟಿತು. 'ಹೋಗುತ್ತಿದ್ದರಂತೆ' ಎನ್ನುವುದು ಕನ್ನಡದಲ್ಲಿ ಒಂದು ಪದ, ಇಂಗ್ಲಿಷಿನಲ್ಲಿ ಒಂದು ಪುಟ್ಟ ವಾಕ್ಯ. ಭಾಷೆಗೊಂದು ಅಳತೆ ಬೇಕೆಂಬ ಅರಿವು ಆಮೇಲಿನ ಸಮೀಕ್ಷೆಗಳಲ್ಲಿ ಬಂದಿದೆ. ಆದರೂ ಗಡಿಯಾರ ಹಿಡಿದು ಓದಿಸುವ ಕೋಣೆಯಲ್ಲಿ ಬಿದ್ದುಹೋದ ನಾಲ್ಕನೇ ವಾಕ್ಯವನ್ನು ಹುಡುಕಲು ಹೊತ್ತು ಎಲ್ಲಿದೆ?

ಹಾಗಾದರೆ ದಾರಿ? ಅದಕ್ಕೆ ನಾನು ಗಾದಿಗನೂರಿನ ನೆರೆಯ ದರೋಜಿಯ ಕಡೆ ನೋಡುತ್ತೇನೆ. ಬುರ್ರಕಥೆಯ ಈರಮ್ಮ ಅಲ್ಲಿಯವರು, 2014ರಲ್ಲಿ ತೀರಿಕೊಂಡರು. ಅಲೆಮಾರಿ ಬುಡ್ಗಜಂಗಮ ಸಮುದಾಯದ ಈಕೆಗೆ ಓದು ಬರಹ ಬರುತ್ತಿರಲಿಲ್ಲ, ಹನ್ನೆರಡು ಜನಪದ ಮಹಾಕಾವ್ಯಗಳು ಬಾಯಲ್ಲಿದ್ದವು. ಕನ್ನಡ ವಿಶ್ವವಿದ್ಯಾಲಯದ ವಿದ್ವಾಂಸರೂ ಸೇರಿ ಹಲವರು ಅವನ್ನು ಕೇಳಿ ಬರೆದುಕೊಂಡರು, ಅವು ಪುಸ್ತಕಗಳಾದವು. ಆ ಸಂಗ್ರಾಹಕರು ಮಾಡಿದ್ದೇನು? ಹಾಡಿದವಳ ಮಾತನ್ನು ಹಾಡಿದಂತೆ ಬರೆದರು, ಅರ್ಥವಾಗದಿದ್ದರೆ ಮತ್ತೆ ಕೇಳಿದರು, ಒಂದು ಸಾಲೂ ಬೀಳದಂತೆ ನೋಡಿಕೊಂಡರು. ಜಾನಪದ ಸಂಪಾದನೆಯ ಮೊದಲ ಪಾಠ ಅದು. ಅಕ್ಷರ ಬಾರದ ಅಜ್ಜಿಗೆ ನಾವು ತೋರಿದ ಆ ಗೌರವವನ್ನು ಅಕ್ಷರ ಕಲಿಯುತ್ತಿರುವ ಮಗುವಿಗೂ ತೋರಬಹುದಲ್ಲ? ಟೀಚರ್ ಎಡಪುಟದಲ್ಲಿ ಮಾಡುತ್ತಿರುವುದು ಸಂಗ್ರಾಹಕರ ಕೆಲಸವೇ. ತೊಡಕು ಇರುವುದು ಬಲಪುಟಕ್ಕೆ ದಾಟುವಾಗ.

ಹೊರಡುವ ಹಿಂದಿನ ದಿನ ನಾನು ಒಂದು ಸಣ್ಣ ಸಲಹೆ ಕೊಟ್ಟೆ. ಕ್ರಿಯಾಪದ ತಿದ್ದಿ, ವಿಭಕ್ತಿ ತಿದ್ದಿ, ಆದರೆ ತಿದ್ದುವ ಮೊದಲು ಎಡಪುಟದಲ್ಲಿ ಎಷ್ಟು ಸಂಗತಿ ಇವೆ ಎಂದು ಮಗುವಿನಿಂದಲೇ ಎಣಿಸಿಸಿ. ಬಲಪುಟದಲ್ಲಿ ಅಷ್ಟೂ ಇರಬೇಕು. ಯಾವುದಕ್ಕಾದರೂ ಪುಸ್ತಕದ ಮಾತು ಸಿಗದಿದ್ದರೆ ಮನೆಮಾತೇ ಅಲ್ಲಿ ಕೂರಲಿ. 'ಅವ್ವ'ನನ್ನು 'ತಾಯಿ' ಮಾಡಲೇಬೇಕೆಂದೇನಿಲ್ಲ, ಕನ್ನಡದ ಎಷ್ಟೋ ಒಳ್ಳೆಯ ಪುಸ್ತಕಗಳಲ್ಲಿ ಅವ್ವ ಅವ್ವನಾಗಿಯೇ ಇದ್ದಾಳೆ. ಟೀಚರ್ ಸ್ವಲ್ಪ ಹೊತ್ತು ಯೋಚಿಸಿ, 'ಎಣಿಸೋದು ಸುಲಭ ಐತಿ, ನೋಡ್ತೀನ್ರಿ' ಅಂದರು. ಎಲ್ಲ ಮಕ್ಕಳಿಗೂ ಅದಕ್ಕೆ ಹೊತ್ತು ಸಿಗುತ್ತದೆಂದು ಅವರೂ ಹೇಳಲಿಲ್ಲ, ನಾನೂ ನಂಬಲಿಲ್ಲ.

ನಮ್ಮ ವಿಮರ್ಶೆ ಮುಗಿದ ಕೃತಿಗಳ ಬಗ್ಗೆ ಮಾತಾಡುತ್ತದೆ. ಓದುಗರು ಕಡಿಮೆಯಾದರು, ಹೊಸ ಬರಹದಲ್ಲಿ ಅನುಭವದ ಹಸಿತನ ಇಲ್ಲ ಎಂದು ಗೋಷ್ಠಿಗಳಲ್ಲಿ ಕೊರಗುತ್ತೇವೆ. ಓದುಗರೂ ಬರಹಗಾರರೂ ತಯಾರಾಗುವ ಕೋಣೆಯಲ್ಲಿ ಏನನ್ನು ಓದಿಸುತ್ತಾರೆ, ಯಾವ ವಾಕ್ಯ ಬೀಳುತ್ತದೆ, ಯಾವುದು ಉಳಿಯುತ್ತದೆ ಎಂದು ನೋಡಲು ಹೋಗುವುದಿಲ್ಲ. ಅದು ಶಿಕ್ಷಣ ಇಲಾಖೆಯ ವಿಷಯ ಎಂದು ಬಿಟ್ಟಿದ್ದೇವೆ. ನಾನು ಓದಿದ ಶಾಲೆಯಲ್ಲಿ ಕತೆ ಪುಸ್ತಕಗಳು ಬೀರುವಿನೊಳಗಿದ್ದವು, ಬೀಗದ ಕೈ ಹೆಡ್‌ಮೇಷ್ಟ್ರ ಹತ್ತಿರ. ಪುಸ್ತಕ ಹರಿಯುತ್ತವೆ ಎಂಬ ಭಯ. ಗಾದಿಗನೂರಿನ ಕಡೆಯ ಆ ಕೋಣೆಯಲ್ಲಿ ಪುಸ್ತಕಗಳು ಹಗ್ಗದ ಮೇಲೆ ಬಟ್ಟೆ ಒಣಹಾಕಿದಂತೆ ತೂಗುತ್ತವೆ, ಮೂಲೆ ಹರಿದಿವೆ, ಪುಟಗಳಲ್ಲಿ ಕೆಂಪು ಬೆರಳ ಗುರುತುಗಳಿವೆ.

ಕಳೆದ ತಿಂಗಳು ಟೀಚರ್ ಒಂದು ಫೋಟೋ ಕಳಿಸಿದ್ದರು. ಅದೇ ಹುಡುಗಿಯ ಬಲಪುಟ. ಮೊದಲಿನ ಮೂರು ವಾಕ್ಯಗಳ ಕೆಳಗೆ ಬೇರೆ ಪೆನ್ನಿನಲ್ಲಿ ಒಂದು ಸಾಲು ಸೇರಿತ್ತು: 'ಅವ್ವ ಎಷ್ಟು ತೊಳೆದರೂ ಹೋಗುವುದಿಲ್ಲ.' ಒತ್ತಕ್ಷರ ಸರಿಯಾಗಿತ್ತು.