ಬಿಲ್ಲಿಯ ಜೊತೆಗೆ ನುಡಿಸುತ್ತಿರುವವರು ಯಾರು?

ಜಾಝ್ ಗಾಯಕಿ ಬಿಲ್ಲಿ ಹಾಲಿಡೇಯನ್ನು ಎಲ್ಲಿಂದ ಕೇಳಲು ಶುರುಮಾಡಬೇಕು ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೇ: ಹಾಡಿನ ಹೆಸರು ನೋಡುವ ಮೊದಲು ಜೊತೆಗೆ ನುಡಿಸಿದವರು ಯಾರೆಂದು ನೋಡಿ. ಆ್ಯಪ್‌ಗಳು ಕಟ್ಟಿಕೊಡುವ ಪ್ಲೇಲಿಸ್ಟ್‌ನಲ್ಲಿ 1935ರ ಹರೆಯದ ದನಿಯ ಬೆನ್ನಿಗೇ 1958ರ ದಣಿದ ದನಿ ಬಂದು ಎರಡರ ರುಚಿಯೂ ಕೆಡುತ್ತದೆ. ಸಂಗೀತಗಾರರು ಸೂಚಿಸುವ ಪಟ್ಟಿಗಳ ರೀತಿಯೇ ಬೇರೆ. ಹಾಡುವ ದನಿಗೂ ನುಡಿಸುವ ವಾದ್ಯಕ್ಕೂ ನಡುವೆ ಏನು ನಡೆಯುತ್ತಿದೆ ಎಂಬುದರ ಕಡೆಗೆ ಅವರ ಕಿವಿ ಮೊದಲು ಹೋಗುತ್ತದೆ.

1937ರ ಜೂನ್‌ನಲ್ಲಿ ಧ್ವನಿಮುದ್ರಣಗೊಂಡ ‘ಎ ಸೇಲ್‌ಬೋಟ್ ಇನ್ ದ ಮೂನ್‌ಲೈಟ್’ ಕೇಳಿ. ಹೆಚ್ಚೆಂದರೆ ಮೂರು ನಿಮಿಷದ್ದು. ಗೈ ಲೊಂಬಾರ್ಡೋನ ಡಾನ್ಸ್ ಬ್ಯಾಂಡ್ ಜನಪ್ರಿಯಗೊಳಿಸಿದ ಸಾಧಾರಣ ಹಾಡು. ಬಿಲ್ಲಿಗೆ ಆಗ 22 ವರ್ಷ. ಟೆನರ್ ಸ್ಯಾಕ್ಸೋಫೋನ್ ಹಿಡಿದವನು ಲೆಸ್ಟರ್ ಯಂಗ್. ಬಿಲ್ಲಿ ಪದವನ್ನು ಬೀಟಿಗೆ ಸರಿಯಾಗಿ ಇಡುವುದಿಲ್ಲ, ತುಸು ತಡೆದು, ಬೀಟು ದಾಟಿದ ಮೇಲೆ ಬಿಡುತ್ತಾಳೆ. ಆ ಸಂದಿನಲ್ಲಿ ಲೆಸ್ಟರ್‌ನ ನಾಲ್ಕಾರು ಸ್ವರ ಬಂದು ಹೋಗುತ್ತವೆ. ನಮ್ಮ ಕಛೇರಿಯ ಪಿಟೀಲಿನಂತೆ ಹಾಡಿದ್ದನ್ನು ನೆರಳಾಗಿ ಅನುಸರಿಸುವ ಕ್ರಮವಲ್ಲ ಇದು. ಅವನು ತನ್ನದೇ ಮಾತಾಡುತ್ತಾನೆ, ಆದರೂ ಆಕೆಯ ಒಂದು ಪದಕ್ಕೂ ಅಡ್ಡ ಬರುವುದಿಲ್ಲ. ಆಕೆಗೆ ‘ಲೇಡಿ ಡೇ’ ಎಂದು ಹೆಸರಿಟ್ಟವನು ಅವನು. ಅವನನ್ನು ‘ಪ್ರೆಜ್’ ಎಂದು ಕರೆದವಳು ಆಕೆ. ಕೌಂಟ್ ಬೇಸಿ ತಂಡದ ಫ್ರೆಡ್ಡಿ ಗ್ರೀನ್, ವಾಲ್ಟರ್ ಪೇಜ್, ಜೋ ಜೋನ್ಸ್ ಮೂವರೂ ಲಯವನ್ನು ಅಲುಗದಂತೆ ಹಿಡಿದಿದ್ದಾರೆ. ಆಕೆ ಅಷ್ಟು ಧೈರ್ಯವಾಗಿ ಹಿಂದೆ ಉಳಿಯಬಲ್ಲದ್ದು ಅದರಿಂದಲೇ.

ಅಲ್ಲಿಂದ ನೇರವಾಗಿ ‘ಸಾಂಗ್ಸ್ ಫಾರ್ ಡಿಸ್ಟಾಂಗೇ ಲವರ್ಸ್’ ಆಲ್ಬಮ್‌ಗೆ ಬನ್ನಿ. 1957ರ ಜನವರಿಯಲ್ಲಿ ನಾರ್ಮನ್ ಗ್ರಾಂಜ್ ವರ್ವ್ ಕಂಪನಿಗಾಗಿ ಧ್ವನಿಮುದ್ರಿಸಿದ್ದು. ದನಿ ಒರಟಾಗಿದೆ, ಹರವು ಕುಗ್ಗಿದೆ. ಆದರೆ ಇದು ಎಲ್‌ಪಿ ಕಾಲ, ಮೂರು ನಿಮಿಷದ ಕಟ್ಟಿಲ್ಲ. ಬೆನ್ ವೆಬ್‌ಸ್ಟರ್‌ನ ಉಸಿರು ತುಂಬಿದ ಸ್ಯಾಕ್ಸೋಫೋನ್‌ಗೂ ಹ್ಯಾರಿ ಎಡಿಸನ್‌ನ ಮ್ಯೂಟ್ ಹಾಕಿದ ಟ್ರಂಪೆಟ್‌ಗೂ ಬೇಕಾದಷ್ಟು ಜಾಗವಿದೆ. ಅವರು ನುಡಿಸಿ ಮುಗಿಸಿದ ಮೇಲೆ ಬಿಲ್ಲಿ ಮತ್ತೆ ಹಾಡು ಎತ್ತಿಕೊಳ್ಳುವ ರೀತಿ ಗಮನಿಸಿ. ಅವರಿಂದ ಕೇಳಿದ್ದು ಆಕೆಯ ದನಿಯಲ್ಲಿ ಇರುತ್ತದೆ.

ಅದೇ ವರ್ಷ ಡಿಸೆಂಬರ್ 8ರಂದು ಸಿಬಿಎಸ್ ಟೆಲಿವಿಷನ್‌ನ ‘ದ ಸೌಂಡ್ ಆಫ್ ಜಾಝ್’ನಲ್ಲಿ ಆಕೆ ತಾನೇ ಬರೆದ ‘ಫೈನ್ ಆ್ಯಂಡ್ ಮೆಲ್ಲೋ’ ಹಾಡಿದಳು. ಇದನ್ನು ಕಣ್ಣಾರೆ ನೋಡಬೇಕು. ಕಾಯಿಲೆಯಿಂದ ಬಳಲಿದ್ದ ಲೆಸ್ಟರ್ ಎದ್ದು ನಿಂತು ಹನ್ನೆರಡು ಬಾರ್ ಮಾತ್ರ ನುಡಿಸುತ್ತಾನೆ. ಬಿಲ್ಲಿ ಅವನನ್ನೇ ನೋಡುತ್ತ ಸಣ್ಣಗೆ ತಲೆದೂಗುತ್ತಾಳೆ. 1959ರ ಮಾರ್ಚ್‌ನಲ್ಲಿ ಅವನು, ಜುಲೈನಲ್ಲಿ ಆಕೆ ತೀರಿಕೊಂಡರು.

ರೇ ಎಲ್ಲಿಸ್‌ನ ದೊಡ್ಡ ವಾದ್ಯವೃಂದದೊಂದಿಗೆ ಹಾಡಿದ 1958ರ ‘ಲೇಡಿ ಇನ್ ಸ್ಯಾಟಿನ್’ ಕೊನೆಗಿರಲಿ. ಮೊದಲೇ ಕೇಳಿದರೆ ಒಡೆದ ದನಿಯಷ್ಟೇ ಕಿವಿಗೆ ಬೀಳುತ್ತದೆ. ದನಿಯಲ್ಲಿ ಏನೂ ಉಳಿದಿಲ್ಲ ಎಂದು ಹಲವರು ಹೇಳುತ್ತಿದ್ದ ಆ ಹೊತ್ತಿನಲ್ಲೇ ಮೈಲ್ಸ್ ಡೇವಿಸ್, ಈಗಿನ ಬಿಲ್ಲಿಯೇ ಹೆಚ್ಚು ಮಾಗಿದವಳು, ತನಗೆ ಆಕೆಯೇ ಬೇಕು ಎಂದಿದ್ದ. ಪದದ ನಡುವೆ ಎಷ್ಟು ಜಾಗ ಬಿಡಬೇಕೆಂದು ಬಲ್ಲ ಟ್ರಂಪೆಟ್ ವಾದಕನ ಮಾತು ಅದು. ನನಗೆ ಆ ಆಲ್ಬಮ್ ಒಲಿದದ್ದೂ ಆ ಮಾತಿನಿಂದಲೇ.

ಸಂಗೀತಗಾರರ ಇಂಥ ಶಿಫಾರಸುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಬಿಲ್ಲಿ ಹಂಬಲಿಸಿದ್ದು ಬೆಸ್ಸಿ ಸ್ಮಿತ್‌ಳ ತುಂಬುದನಿ ಮತ್ತು ಲೂಯಿ ಆರ್ಮ್‌ಸ್ಟ್ರಾಂಗ್‌ನ ಭಾವಕ್ಕಾಗಿ. ತನ್ನ ಮೇಲೆ ಎಲ್ಲರಿಗಿಂತ ಹೆಚ್ಚು ಪ್ರಭಾವ ಬೀರಿದವಳು ಬಿಲ್ಲಿ ಎಂದು ಗಾಯಕ ಫ್ರಾಂಕ್ ಸಿನಾತ್ರಾ 1958ರಲ್ಲಿ ಹೇಳಿದ. ಹಾಡಿನ ಸಾಹಿತ್ಯ ಗೊತ್ತಿಲ್ಲದೆ ಅದನ್ನು ನುಡಿಸಬಾರದು ಎನ್ನುತ್ತಿದ್ದ ಲೆಸ್ಟರ್ ಇಷ್ಟಪಟ್ಟು ಕೇಳುತ್ತಿದ್ದದ್ದು ಅದೇ ಸಿನಾತ್ರಾನನ್ನು. ವಾದ್ಯದಿಂದ ಕಂಠಕ್ಕೆ, ಕಂಠದಿಂದ ಮತ್ತೆ ವಾದ್ಯಕ್ಕೆ. ಈ ಜಾಡು ಹಿಡಿದವರಿಗೆ ಮುಂದೇನು ಕೇಳಲಿ ಎಂಬ ಚಿಂತೆಯೇ ಇಲ್ಲ.

ಈ ವಾರ ಲೆಸ್ಟರ್ ಇರುವ ಹಾಡುಗಳನ್ನಷ್ಟೇ ಆರಿಸಿಕೊಳ್ಳಿ. ಮೊದಲ ಸಲ ಬಿಲ್ಲಿಯನ್ನು ಕೇಳಿ. ಎರಡನೆಯ ಸಲ ಸ್ಯಾಕ್ಸೋಫೋನ್‌ಗೆ ಮಾತ್ರ ಕಿವಿಗೊಡಿ. ಮೂರನೆಯ ಸಲಕ್ಕೆ ಆಕೆ ಪದವನ್ನು ಎಲ್ಲಿ ತಡೆಯುತ್ತಾಳೆ, ಯಾರಿಗಾಗಿ ತಡೆಯುತ್ತಾಳೆ ಎಂಬುದು ತಾನಾಗಿ ತಿಳಿಯುತ್ತದೆ.