ಕಲ್ಲಿನ ಮೇಲೆ ಕಲ್ಲಿನ ಬಂಡಿ
ರಾಯಚೂರಿನ ಹತ್ತಿರದ ಶಕ್ತಿನಗರದಲ್ಲಿ ದೂರದಿಂದಲೇ ಕಣ್ಣಿಗೆ ಬೀಳುವುದು 1720 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರದ ಚಿಮಣಿಗಳು. ಅಲ್ಲಿ ಮನೆ ಮಾಡಿರುವ ಗೆಳೆಯ ಅದನ್ನು ಬಿಟ್ಟು ನನ್ನನ್ನು ರಾಯಚೂರು ಕೋಟೆಗೆ ಕರೆದೊಯ್ದ. "ಬಾರಪ್ಪ, ಕರೆಂಟ್ ಇಲ್ಲದ ಕಾಲದ ಕ್ರೇನ್ ತೋರಸ್ತೀನಿ" ಅಂದ.

ಒಳಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ಕಟ್ಟಿಸಿದ್ದನ್ನು ಹೇಳುವ ತೆಲುಗು ಶಾಸನ ಅದರ ಮೇಲಿದೆ. ಶಾಸನಗಳು ನಮ್ಮಲ್ಲಿ ಬೇಕಾದಷ್ಟಿವೆ ಬಿಡಿ. ಇಲ್ಲಿನ ಸೊಗಸೇ ಬೇರೆ: ಈ ಕಲ್ಲು ಗಣಿಯಿಂದ ಹೇಗೆ ಬಂತೆಂಬುದನ್ನೂ ಗೋಡೆಯಲ್ಲೇ ಕೊರೆದಿದ್ದಾರೆ. ಗಟ್ಟಿ ಗಾಲಿಗಳ ಬಂಡಿ, ಅದರ ಮೇಲೆ ಉದ್ದಕ್ಕೆ ಮಲಗಿದ ಕಲ್ಲು, ಮುಂದೆ ಕೋಣಗಳ ಸಾಲು. ಹೊಡೆಯುವವನು ಬಾಲ ತಿರುಚುತ್ತಿದ್ದಾನೆ. ಹಿಂದೆ ಆಳುಗಳು ಗಾಲಿಗೆ ಸನ್ನೆಗೋಲು ಕೊಟ್ಟು ನೂಕುತ್ತಿದ್ದಾರೆ. ಆ ಬಾಲ ತಿರುಚುವ ಕೈಯನ್ನು ಕಂಡರಿಸಿದ ಶಿಲ್ಪಿ ಬಂಡಿಯ ಹಿಂದೆ ತಾನೂ ನಡೆದಿರಲೇಬೇಕು!

1520ರ ಯುದ್ಧದಲ್ಲಿ ಈ ಕೋಟೆ ಗೆದ್ದ ಕೃಷ್ಣದೇವರಾಯನನ್ನು ಎಲ್ಲರೂ ಬಲ್ಲರು. ನನಗೆ ಮಾತ್ರ ಕೂಲಿಗಳಿಗೂ ಕೋಣಗಳಿಗೂ ಜಾಗ ಕೊಟ್ಟ ಈ ಚಿತ್ರವೇ ರಾಯಚೂರಿನ ದೊಡ್ಡ ಆಸ್ತಿ. ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು, ನೋಡಿ ಬನ್ನಿ.